ಸವಿನೀರಿನ ಕೆರೆ

ಕಳೆದ ಏಪ್ರಿಲ್ ತಿಂಗಳ 14ರ ಸಂಜೆ ನಮ್ಮ ಶಿಡ್ಲಘಟ್ಟದ ಶಾಲೆಯೊಂದರ ಅಂಗಳದಲ್ಲಿ ಬಿಳಿಯ ಪರದೆ ಕಟ್ಟಿ, ಡಾಕ್ಟರ್ ಭೀಮರಾವ್ ಅಂಬೇಡ್ಕರರ ಜೀವನವನ್ನು ಕುರಿತ ಚಲಚ್ಚಿತ್ರವನ್ನು ತೋರಿಸಿದರು. ರೇಷ್ಮೆಗೂಡಿನ ವ್ಯಾಪಾರಿಗಳು, ನೂಲು ಬಿಚ್ಚುವ ಕಾರ್ಖಾನೆಗಳ ಕೆಲಸಗಾರರು, ಹಳ್ಳಿಗಳಿಂದ ಬಂದ ಹೆಂಗಸರು, ಮಕ್ಕಳು ಎಲ್ಲರೂ ಚಾಪೆಗಳ ಮೇಲೆ ಕುಳಿತಿದ್ದರು. ನಾನೂ ಒಂದು ಮೂಲೆಯಲ್ಲಿ ಕುಳಿತೆ. ಮೂವತ್ತು ವರ್ಷಗಳಿಗೂ ಮೇಲೆ ವಕೀಲಿ ವೃತ್ತಿಯಲ್ಲಿದ್ದು ಈಚೆಗೆ ವಿಶ್ರಾಂತನಾಗಿರುವ ನನಗೆ, ನ್ಯಾಯಶಾಸ್ತ್ರದಲ್ಲಿ ಅಷ್ಟು ದೊಡ್ಡವರಾದವರ ಚರಿತ್ರೆಯನ್ನು ತೆರೆಯ ಮೇಲೆ ನೋಡುವ ಕುತೂಹಲವಿದ್ದುದು ಸಹಜವೇ.

ಚಿತ್ರವು ಹೊಸದಲ್ಲ. ಮರಾಠಿ ರಂಗಭೂಮಿಯಲ್ಲಿ ‘ಘಾಶೀರಾಮ್ ಕೊತ್ವಾಲ್’ ನಾಟಕವನ್ನು ಆಡಿಸಿ ಹೆಸರಾದ ಜಬ್ಬಾರ್ ಪಟೇಲರು ಇದರ ನಿರ್ದೇಶಕರು. ಕೇಂದ್ರ ಸರ್ಕಾರವೂ ಮಹಾರಾಷ್ಟ್ರ ಸರ್ಕಾರವೂ ಧನಸಹಾಯ ನೀಡಿದ ಈ ಚಿತ್ರ 2000ನೆಯ ಇಸವಿಯಲ್ಲಿ ಬಿಡುಗಡೆಯಾಯಿತು. ನಾಯಕನ ಪಾತ್ರವನ್ನು ವಹಿಸಿದವರು ಮಲೆಯಾಳದ ನಟರಾದ ಮಮ್ಮೂಟಿಯವರು. ಅವರೂ ನ್ಯಾಯಶಾಸ್ತ್ರವನ್ನು ಓದಿ ಕೆಲಕಾಲ ವಕೀಲಿ ನಡೆಸಿದವರೆಂಬುದನ್ನು ವಾಚಕರು ಬಲ್ಲರು. ಈ ಪಾತ್ರಕ್ಕಾಗಿ ಅವರಿಗೆ 1998ನೆಯ ವರ್ಷದ ರಾಷ್ಟ್ರಪ್ರಶಸ್ತಿ ದೊರೆಯಿತು. ಚಿತ್ರದ ಮಾತುಗಳು ಇಂಗ್ಲಿಷಿನಲ್ಲಿರುವುದರಿಂದ, ನನ್ನ ಮಿತ್ರರೂ ಉಪಾಧ್ಯಾಯರೂ ಆದವರೊಬ್ಬರು ಪರದೆಯ ಪಕ್ಕದಲ್ಲಿ ನಿಂತು ಪ್ರಸಂಗಗಳನ್ನು ಕನ್ನಡದಲ್ಲಿಯೂ ನಮ್ಮ ಸೀಮೆಯ ತೆಲುಗಿನಲ್ಲಿಯೂ ವಿವರಿಸುತ್ತಿದ್ದರು. ಮೂರು ಗಂಟೆಗಳ ಕಾಲ ಹೀಗೆ ನಡೆಯಿತು. ಆದರೆ ಒಂದು ಪ್ರಸಂಗ ಬಂದಾಗ ಅವರು ಮಾತನ್ನು ನಿಲ್ಲಿಸಿಬಿಟ್ಟರು. ಮಹಾಡ್ ಎಂಬ ಊರಿನ ಕೆರೆಯ ಮೆಟ್ಟಿಲುಗಳನ್ನು ಇಳಿದು ಅಂಬೇಡ್ಕರರು ಬೊಗಸೆಯಲ್ಲಿ ನೀರನ್ನೆತ್ತಿ ಕುಡಿಯುವ ಪ್ರಸಂಗವದು. ಅಂಗಳದಲ್ಲಿ ಅದುವರೆಗೆ ಅಳುತ್ತಿದ್ದ ಕೂಸುಗಳ ಧ್ವನಿಯೂ ಅಡಗಿದಂತೆ ನನಗೆ ತೋರಿತು. ನೀರು ಕುಡಿಯುವುದಕ್ಕೆ ಭಾಷಾಂತರ ಬೇಕಾಗಿರಲಿಲ್ಲ.

ತೆರೆಯ ಮೇಲೆ ಕೆಲವು ನಿಮಿಷಗಳಲ್ಲಿ ಮುಗಿದುಹೋಗುವ ಆ ಪ್ರಸಂಗಕ್ಕೆ ಇತಿಹಾಸದಲ್ಲಿ ಹದಿನಾಲ್ಕು ವರ್ಷಗಳು ಹಿಡಿದವು. ಚಲಚ್ಚಿತ್ರಕ್ಕೆ ಕಾಲವನ್ನು ಸಂಕ್ಷೇಪಿಸುವ ಹಕ್ಕುಂಟು, ಅದರಲ್ಲಿ ದೋಷವೆಣಿಸಲಾಗದು. ಆದರೆ ಆ ಹದಿನಾಲ್ಕು ವರ್ಷಗಳ ಕಥೆಯನ್ನು ಬಿಡಿಸಿ ನೋಡಿದ ಹೊರತು ಆ ಒಂದು ಬೊಗಸೆ ನೀರಿನ ಬೆಲೆ ನಮಗೆ ತಿಳಿಯಲಾರದು. ಅದಕ್ಕಾಗಿ ಈ ಲೇಖನ.

ಮಹಾಡ್ ಎಂಬುದು ಅಂದಿನ ಮುಂಬಯಿ ಪ್ರಾಂತದ ಕೊಲಾಬಾ ಜಿಲ್ಲೆಯ ಒಂದು ಪಟ್ಟಣ. ಆ ಜಿಲ್ಲೆಗೆ ಈಗ ರಾಯಗಡವೆಂದು ಹೆಸರು. ಅಲ್ಲಿನ ಕೆರೆಗೆ ‘ಚವದಾರ್’ ಎಂದು ಹೆಸರು. ಮರಾಠಿಯಲ್ಲಿ ಈ ಮಾತಿಗೆ ರುಚಿಯುಳ್ಳದ್ದು ಎಂದರ್ಥ. ಸವಿನೀರಿನ ಕೆರೆಯೆಂದು ನಾವು ಕನ್ನಡದಲ್ಲಿ ಹೇಳಬಹುದು. ಊರಿನ ದನಕರುಗಳು ಆ ನೀರನ್ನು ಕುಡಿಯಬಹುದಾಗಿತ್ತು, ಅನ್ಯಮತದವರಿಗೂ ಅಡ್ಡಿಯಿರಲಿಲ್ಲ. ಅಸ್ಪೃಶ್ಯರೆಂದು ಕರೆಯಲ್ಪಟ್ಟವರು ಮಾತ್ರ ಮುಟ್ಟಲಾಗದಾಗಿತ್ತು.

1923ನೆಯ ಇಸವಿ ಆಗಸ್ಟ್ 4ರಂದು ಮುಂಬಯಿ ಶಾಸನಸಭೆಯಲ್ಲಿ ಎಸ್. ಕೆ. ಬೋಲೆ ಎಂಬ ಸಮಾಜಸುಧಾರಕರು ತಂದ ನಿರ್ಣಯವೊಂದು ಅಂಗೀಕೃತವಾಯಿತು. ಸಾರ್ವಜನಿಕ ಹಣದಿಂದ ಕಟ್ಟಿ ಕಾಪಾಡಲ್ಪಡುವ ನೀರಿನ ತಾಣಗಳು, ಬಾವಿಗಳು, ಧರ್ಮಶಾಲೆಗಳು, ಹಾಗೆಯೇ ಸಾರ್ವಜನಿಕ ಶಾಲೆಗಳು, ನ್ಯಾಯಾಲಯಗಳು, ಕಚೇರಿಗಳು, ಔಷಧಾಲಯಗಳು ಅಸ್ಪೃಶ್ಯ ವರ್ಗದವರಿಗೂ ತೆರೆದಿರಬೇಕೆಂಬುದು ಅದರ ತಾತ್ಪರ್ಯ. ಇದನ್ನನುಸರಿಸಿ ಮಹಾಡಿನ ಪುರಸಭೆಯೂ 1924ರಲ್ಲಿ ತನ್ನ ಕೆರೆಯನ್ನು ಎಲ್ಲರಿಗೂ ತೆರೆದಿರುವುದಾಗಿ ನಿರ್ಣಯ ಮಾಡಿತು. ನಿರ್ಣಯವೇನೋ ಪುಸ್ತಕದಲ್ಲಿ ಬರೆಯಲ್ಪಟ್ಟಿತು. ಆದರೆ ಮೂರು ವರ್ಷಗಳವರೆಗೆ ಒಬ್ಬನಾದರೂ ಆ ನೀರಿಗೆ ಕೈಯಿಕ್ಕಲಿಲ್ಲ. ಇಕ್ಕಲು ಯಾರಿಗೂ ಧೈರ್ಯ ಬರಲಿಲ್ಲ. ಕಾಗದದ ಮೇಲಣ ಹಕ್ಕಿಗೂ ನಾಲಗೆಯ ಮೇಲಣ ನೀರಿಗೂ ಎಷ್ಟು ದೂರವೆಂಬುದನ್ನು ಈ ಮೂರು ವರ್ಷಗಳೇ ಹೇಳುತ್ತವೆ.

1927ನೆಯ ಇಸವಿ ಮಾರ್ಚ್ 19 ಮತ್ತು 20ರಂದು ಮಹಾಡಿನಲ್ಲಿ ಒಂದು ಪರಿಷತ್ತು ಸೇರಿತು. ಎರಡನೆಯ ದಿನ ಅಂಬೇಡ್ಕರರ ಮುಂದಾಳುತನದಲ್ಲಿ ಪ್ರತಿನಿಧಿಗಳೆಲ್ಲ ಸಾಲಾಗಿ ಹೊರಟು ಕೆರೆಗೆ ಹೋಗಿ ನೀರನ್ನು ಕುಡಿದರು. ಅದಾದ ಸ್ವಲ್ಪ ಹೊತ್ತಿನಲ್ಲಿಯೇ, ಇವರು ವೀರೇಶ್ವರ ದೇವಾಲಯವನ್ನೂ ಹೊಗಲಿರುವರೆಂಬ ಸುಳ್ಳುಸುದ್ದಿ ಊರಿನಲ್ಲಿ ಹಬ್ಬಿತು. ಗುಂಪುಗೂಡಿದ ಜನ ಪ್ರತಿನಿಧಿಗಳ ಮೇಲೆ ಬಿದ್ದು ಹೊಡೆದರು. ಅಂಬೇಡ್ಕರರು ತಮ್ಮವರಿಗೆ ತಿರುಗಿ ಕೈಯೆತ್ತದಂತೆ ಹೇಳಿ ತಡೆದರು. ತರುವಾಯ ಊರಿನ ಮೇಲ್ಜಾತಿಯವರು ನೂರೆಂಟು ಕೊಡಗಳ ಪಂಚಗವ್ಯವನ್ನು ಕೆರೆಗೆ ಸುರಿಸಿ ಮಂತ್ರಪೂರ್ವಕವಾಗಿ ಅದನ್ನು ಶುದ್ಧಿಗೊಳಿಸಿದರು. ಆಗಸ್ಟ್ ತಿಂಗಳಲ್ಲಿ ಪುರಸಭೆಯು ತನ್ನ ಹಿಂದಿನ ನಿರ್ಣಯವನ್ನೇ ರದ್ದು ಮಾಡಿತು.

ಅದೇ ವರ್ಷದ ಡಿಸೆಂಬರಿನಲ್ಲಿ ಎರಡನೆಯ ಬಾರಿ ಪರಿಷತ್ತು ಸೇರಿತು. ಸಭೆಗೆ ಯಾರೂ ಸ್ಥಳ ಕೊಡಲೊಲ್ಲದಾಗ ಫತೇಖಾನರೆಂಬ ಮುಸಲ್ಮಾನ ಗೃಹಸ್ಥರು ತಮ್ಮ ಭೂಮಿಯನ್ನು ಬಿಟ್ಟುಕೊಟ್ಟರು. ಮನುಸ್ಮೃತಿಯನ್ನು ಸುಡಬೇಕೆಂಬ ಸೂಚನೆಯನ್ನು ಮುಂದಿಟ್ಟವರು ಗಂಗಾಧರ ನೀಲಕಂಠ ಸಹಸ್ರಬುದ್ಧೆಯವರು. ಜನ್ಮದಿಂದ ಇವರು ಬ್ರಾಹ್ಮಣರೇ. ಡಿಸೆಂಬರ್ 25ರ ರಾತ್ರಿ ಆ ಕಾರ್ಯ ನಡೆಯಿತು. ಆದರೆ ಕೆರೆಗೆ ಹೋಗುವ ಕಾರ್ಯ ಮಾತ್ರ ನಡೆಯಲಿಲ್ಲ. ಏಕೆಂದರೆ ವಿರೋಧಪಕ್ಷದವರು ಅಷ್ಟರಲ್ಲಿ ದಾವೆ ಹೂಡಿ ತಾತ್ಕಾಲಿಕ ತಡೆಯಾಜ್ಞೆಯನ್ನು ತಂದಿದ್ದರು. ಸಹಸ್ರಾರು ಜನ ಸೆರೆಮನೆಗೆ ಹೋಗಲು ಸಿದ್ಧರಾಗಿ ಬಂದಿದ್ದರೂ, ನ್ಯಾಯಾಲಯದ ಆಜ್ಞೆಯನ್ನು ಮೀರಲಾಗದೆಂದು ಅವರನ್ನು ಒಪ್ಪಿಸಿ ಅಂಬೇಡ್ಕರರು ಸತ್ಯಾಗ್ರಹವನ್ನು ಮುಂದಕ್ಕೆ ಹಾಕಿದರು. ಸಿಟ್ಟಿನಲ್ಲಿ ಪುಸ್ತಕವೊಂದನ್ನು ಸುಟ್ಟ ಸಭೆಯೇ, ಎರಡು ಸಾಲಿನ ನ್ಯಾಯಾಲಯದ ಕಾಗದಕ್ಕೆ ತಲೆಬಾಗಿ ಹಿಂದಿರುಗಿತು. ವಕೀಲನಾದ ನನಗೆ ಅವರ ಇಡೀ ಜೀವನದಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗ ಕಾಣುವುದಿಲ್ಲ.

ವ್ಯಾಜ್ಯವು ನಡೆದೇ ನಡೆಯಿತು. ಅಸ್ಪೃಶ್ಯರನ್ನು ದೂರವಿಡುವುದು ಅನಾದಿಯಿಂದ ಬಂದ ರೂಢಿಯೆಂದು ವಾದಿಗಳ ಪಕ್ಷ. ಕೆಳಗಿನ ನ್ಯಾಯಾಲಯಗಳಲ್ಲಿ ಸೋತು ಅವರು ಮುಂಬಯಿ ಉಚ್ಚನ್ಯಾಯಾಲಯಕ್ಕೆ ಹೋದರು. 1937ನೆಯ ಇಸವಿ ಮಾರ್ಚ್ 17ರಂದು ಅಲ್ಲಿಯೂ ಅವರ ಮೇಲ್ಮನವಿ ವಜಾ ಆಯಿತು. ಅಂಥ ರೂಢಿಯು ಅನಾದಿಯಾದುದೆಂಬುದು ಸಾಬೀತಾಗಲಿಲ್ಲವೆಂಬುದೇ ತೀರ್ಪಿನ ಸಾರ. ತೀರ್ಪನ್ನಿತ್ತ ನ್ಯಾಯಮೂರ್ತಿ ಬ್ರೂಮ್‌ಫೀಲ್ಡರು ಯಾರೆಂದರೆ, 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧಿಯವರಿಗೆ ಆರು ವರ್ಷಗಳ ಶಿಕ್ಷೆಯನ್ನು ವಿಧಿಸಿದ ನ್ಯಾಯಾಧೀಶರೇ! ಹೀಗೆ ಹದಿನಾಲ್ಕು ವರ್ಷಗಳ ಮೇಲೆ, ಒಂದು ಬೊಗಸೆ ನೀರು ನ್ಯಾಯವಾಗಿ ಕುಡಿದದ್ದೆಂದು ತೀರ್ಮಾನವಾಯಿತು.

ಇಲ್ಲಿ ನಮ್ಮ ಸೀಮೆಗೆ ಸಂಬಂಧಪಟ್ಟ ಒಂದು ಸಂಗತಿಯನ್ನು ಹೇಳಬೇಕು. ಮಹಾಡಿನಲ್ಲಿ ಪ್ರತಿನಿಧಿಗಳು ನೀರು ಕುಡಿದ ಕೆಲವೇ ದಿನಗಳಲ್ಲಿ ಗಾಂಧಿಯವರು ಪ್ರವಾಸದ ನಡುವೆ ಅಸ್ವಸ್ಥರಾದರು. ವೈದ್ಯರ ಸಲಹೆಯಂತೆ ಅವರು ವಿಶ್ರಾಂತಿಗೆ ಬಂದದ್ದು ನಮ್ಮ ನಂದಿಬೆಟ್ಟಕ್ಕೆ. 1927ರ ಏಪ್ರಿಲಿನಿಂದ ಜೂನ್ ಮೊದಲವರೆಗೆ ಅವರು ಅಲ್ಲಿದ್ದರು. ಆಗ ಇಬ್ಬರು ನಾಯಕರ ನಡುವೆ ವೈಮನಸ್ಯವಿನ್ನೂ ಹುಟ್ಟಿರಲಿಲ್ಲ. ಡಿಸೆಂಬರಿನ ಮಹಾಡ್ ಮಂಟಪದಲ್ಲಿ ತೂಗುಹಾಕಿದ್ದ ಭಾವಚಿತ್ರವೂ ಗಾಂಧಿಯವರದೇ. 1932ರ ಹೊತ್ತಿಗೆ ಸ್ಥಿತಿ ಬದಲಾಯಿತು. ಪ್ರತ್ಯೇಕ ಮತದಾರರ ಪಟ್ಟಿಯ ವಿಷಯದಲ್ಲಿ ಗಾಂಧಿಯವರು ಯೆರವಡಾ ಸೆರೆಮನೆಯಲ್ಲಿ ಉಪವಾಸ ಹಿಡಿದರು. ಸೆಪ್ಟೆಂಬರ್ 24ರಂದು ಪುಣೆಯ ಒಪ್ಪಂದವಾಗಿ, ಪ್ರಾಂತೀಯ ಶಾಸನಸಭೆಗಳಲ್ಲಿ 148 ಸ್ಥಾನಗಳನ್ನು ಕಾದಿರಿಸಲಾಯಿತು. ಒಬ್ಬರ ಪ್ರಾಣವನ್ನು ಉಳಿಸುವ ಹೊರೆಯನ್ನು ಇನ್ನೊಬ್ಬರ ಹೆಗಲ ಮೇಲೆ ಹೊರಿಸಿದ ಆ ವಾರದ ಯಾತನೆ ಚಿತ್ರದಲ್ಲಿಯೂ ಕಾಣಬರುತ್ತದೆ.

1936ರ ಮೇ ತಿಂಗಳಲ್ಲಿ ಗಾಂಧಿಯವರು ಮತ್ತೊಮ್ಮೆ ನಂದಿಬೆಟ್ಟಕ್ಕೆ ಬಂದರು, ಸರ್ದಾರ್ ಪಟೇಲರೂ ಜೊತೆಯಲ್ಲಿದ್ದರು, ಸಿ. ವಿ. ರಾಮನ್‌ರವರು ಅಲ್ಲಿಗೆ ಹೋಗಿ ಅವರನ್ನು ಕಂಡರು. ಅದೇ ಮೇ ತಿಂಗಳಲ್ಲಿಯೇ ಅಂಬೇಡ್ಕರರು, ಲಾಹೋರಿನ ಸಭೆಯೊಂದಕ್ಕೆಂದು ಸಿದ್ಧಪಡಿಸಿ ಆ ಸಭೆಯೇ ರದ್ದಾದುದರಿಂದ ಮಾಡಲಾಗದೆ ಹೋದ ಭಾಷಣವನ್ನು, ಜಾತಿವಿನಾಶವನ್ನು ಕುರಿತ ಪುಸ್ತಕವಾಗಿ ತಾವೇ ಅಚ್ಚುಹಾಕಿಸಿದರು. ಗಾಂಧಿಯವರು ಜುಲೈ ತಿಂಗಳ ‘ಹರಿಜನ’ ಪತ್ರಿಕೆಯಲ್ಲಿ ಅದಕ್ಕೆ ಉತ್ತರ ಬರೆದರು. ನಂದಿಯಲ್ಲಿ ಗಾಂಧಿಯವರು ತಂಗಿದ್ದುದನ್ನು ನಾವು ಹೆಮ್ಮೆಯಿಂದ ನೆನೆಯುತ್ತೇವೆ, ಮಕ್ಕಳಿಗೂ ಹೇಳುತ್ತೇವೆ, ಅದು ಉಚಿತವೇ ಸರಿ. ಆದರೆ ಅದೇ ತಿಂಗಳು ಮುಂಬಯಿಯಲ್ಲಿ ಅಚ್ಚಾದ ಆ ಪುಸ್ತಕವು ಬೆಟ್ಟದ ಬುಡದ ನಮ್ಮ ಹಳ್ಳಿಗಳ ವಿಷಯವನ್ನೇ ಹೇಳುತ್ತಿತ್ತೆಂಬುದನ್ನು ನಾವು ಅದರೊಡನೆ ಹೇಳಿಕೊಡಲಿಲ್ಲ.

ನಮ್ಮ ಹಳ್ಳಿಗಳ ವಿಷಯವೆಂದು ಏಕೆ ಹೇಳಿದೆನೆಂದರೆ, ನಮ್ಮದು ಕೆರೆಗಳ ನಾಡು. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಪಿನಾಕಿನಿ, ಪಾಲಾರ್, ಅರ್ಕಾವತಿಗಳು ಹುಟ್ಟಿದರೂ, ವರ್ಷವೆಲ್ಲ ಹರಿಯುವ ನದಿಯೊಂದೂ ನಮಗಿಲ್ಲ. ಆದಕಾರಣ ಹಿಂದಿನವರು ಹಳ್ಳಕ್ಕೊಂದು ಕಟ್ಟೆ ಹಾಕಿ ಕೆರೆಗಳನ್ನು ಕಟ್ಟಿದರು. ಶಿಡ್ಲಘಟ್ಟದ ಅಮ್ಮನಕೆರೆ, ಗೌಡನಕೆರೆಗಳನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಂಥ ಪ್ರತಿಯೊಂದು ಕೆರೆಗೂ ಒಬ್ಬ ನೀರುಗಂಟಿಯಿರುತ್ತಿದ್ದನು. ತೂಬನ್ನು ಎತ್ತುವುದು, ಇಳಿಸುವುದು, ಕಾಲುವೆಯಲ್ಲಿ ನೀರು ತಿರುಗಿಸುವುದು, ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂಬುದನ್ನು ಕಂಡು ಪಕ್ಷಪಾತವಿಲ್ಲದೆ ಹಂಚುವುದು, ಮಳೆಗಾಲದ ರಾತ್ರಿಯಲ್ಲಿ ಕಟ್ಟೆಯ ಮೇಲೆ ಕಾವಲಿರುವುದು, ಇವು ಅವನ ಕೆಲಸ. ಸುಗ್ಗಿಯಲ್ಲಿ ರೈತರು ಕೊಡುವ ಧಾನ್ಯ ಅವನ ಸಂಬಳ. ನಮ್ಮ ಕಡೆಯ ಬಹಳ ಊರುಗಳಲ್ಲಿ ಈ ನೀರುಗಂಟಿಗಳು ಯಾವ ಜಾತಿಯವರಾಗಿದ್ದರೆಂಬುದನ್ನು ಹಿರಿಯರೆಲ್ಲ ಬಲ್ಲರು. ಊರಿನ ಬಾವಿಯಿಂದ ನೀರು ಸೇದಲು ಅಪ್ಪಣೆಯಿಲ್ಲದವರ ಕೇರಿಯಿಂದಲೇ ಅವರು ಬರುತ್ತಿದ್ದರು. ಇಡೀ ಊರಿನ ನೀರನ್ನು ಹಂಚುವವನಿಗೆ ಊರಬಾವಿಯಲ್ಲಿ ಒಂದು ಕೊಡ ನೀರಿಲ್ಲ! ಪರಂಪರೆಯೆಂದು ನಾವು ಕರೆಯುವುದರಲ್ಲಿ ಈ ವಿಚಿತ್ರವೂ ಸೇರಿದೆ.

ಚಿತ್ರ ಮುಗಿದ ಮೇಲೆ ಆ ಉಪಾಧ್ಯಾಯರೂ ನಾನೂ ಜೊತೆಯಾಗಿ ನಡೆದು ಬಂದೆವು. ಅವರದೂ ನನ್ನದೂ ಒಂದೇ ಹಳ್ಳಿ. ಅವರ ತಾತ ನಮ್ಮೂರ ಕೆರೆಯ ನೀರುಗಂಟಿಯಾಗಿದ್ದವರು. ಸ್ವಲ್ಪ ದೂರ ಇಬ್ಬರೂ ಮಾತಾಡಲಿಲ್ಲ. ಬಳಿಕ ಅವರು, “ವಕೀಲರೇ, ನಮ್ಮ ತಾತನ ಕೈಮೇಲೆ ನಿಮ್ಮ ಗದ್ದೆಗಳಿಗೆಲ್ಲ ನೀರು ಹೋಗ್ತಿತ್ತು. ಆ ಕೈಗೆ ಮಾತ್ರ ನೀರು ಮೇಲಿಂದ ಬೀಳಬೇಕಾಗಿತ್ತು, ಅಲ್ಲವೇ?” ಎಂದರು. ಧ್ವನಿಯಲ್ಲಿ ಕೋಪವೇನೂ ಇರಲಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಆ ನೀರನ್ನು ಮೇಲಿನಿಂದ ಸುರಿಯುತ್ತಿದ್ದವರು ನಮ್ಮ ಅಜ್ಜಿ. ನಮ್ಮ ಮನೆಯ ಜಗುಲಿಯ ಕೆಳಗೆ ಆತ ಬೊಗಸೆಯೊಡ್ಡಿ ಬಾಗಿ ನಿಲ್ಲುವುದು, ಅಜ್ಜಿ ತಂಬಿಗೆಯನ್ನು ಮೊಳದೆತ್ತರದಲ್ಲಿ ಹಿಡಿದು ಸುರಿಯುವುದು, ಅರ್ಧ ನೀರು ಬೆರಳ ಸಂದಿನಿಂದ ನೆಲಕ್ಕೆ ಹೋಗುವುದು, ಇವೆಲ್ಲವನ್ನೂ ನಾನು ಬಾಲ್ಯದಲ್ಲಿ ದಿನವೂ ನೋಡಿದವನು. ಅಜ್ಜಿ ಕಠಿಣ ಮನಸ್ಸಿನವರಲ್ಲ; ಹಸಿದು ಬಂದವರನ್ನು ಬರಿಗೈಲಿ ಕಳುಹಿಸಿದವರಲ್ಲ. ಅವರಿಗೆ ಅದು ಪಾಪವೆಂದು ತೋರಲಿಲ್ಲ. ನೋಡುತ್ತಿದ್ದ ನನಗೂ ತೋರಲಿಲ್ಲ.

ಆ ಕಾಲವನ್ನು ಲೆಕ್ಕ ಹಾಕಿದರೆ ನಾಚಿಕೆ ಹೆಚ್ಚಾಗುತ್ತದೆ. ನಾನು ಹೇಳುತ್ತಿರುವುದು 1960ರ ದಶಕದ ಮಾತು. ಅಸ್ಪೃಶ್ಯತೆಯನ್ನು ರದ್ದುಗೊಳಿಸಿದ ಸಂವಿಧಾನದ ವಿಧಿಯನ್ನು ಸಂವಿಧಾನಸಭೆಯು 1948ರ ನವೆಂಬರ್ 29ರಂದೇ ಅಂಗೀಕರಿಸಿತ್ತು. ಅದೇ ಈಗಿನ 17ನೆಯ ವಿಧಿ. ಅದನ್ನು ಆಚರಿಸುವವರನ್ನು ಶಿಕ್ಷಿಸುವ ಕಾನೂನು 1955ರಲ್ಲಿಯೇ ಬಂದಿತ್ತು. ಸಂವಿಧಾನದ 15ನೆಯ ವಿಧಿಯ ಎರಡನೆಯ ಖಂಡವನ್ನು ವಾಚಕರು ಒಮ್ಮೆ ತೆರೆದು ನೋಡಬೇಕು. ಸರ್ಕಾರದ ಹಣದಿಂದ ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ಕಾಪಾಡಲ್ಪಡುವ, ಅಥವಾ ಸಾರ್ವಜನಿಕರಿಗೆ ಮೀಸಲಾದ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಮುಂತಾದುವುಗಳ ಉಪಯೋಗದಲ್ಲಿ ಜಾತಿಯ ಕಾರಣದಿಂದ ಯಾರಿಗೂ ಅಡ್ಡಿಯಿರಬಾರದೆಂದು ಅಲ್ಲಿದೆ. 1923ರ ಬೋಲೆಯವರ ನಿರ್ಣಯದೊಡನೆ ಇದನ್ನಿಟ್ಟು ಓದಿದರೆ, ಸಾರ್ವಜನಿಕ ಹಣವೆಂಬ ಅದೇ ತರ್ಕ, ನೀರಿನ ಅದೇ ತಾಣಗಳು ಎರಡರಲ್ಲಿಯೂ ಕಾಣುತ್ತವೆ. ದೇಶದ ಮೂಲಶಾಸನದಲ್ಲಿ ಬಾವಿ ಕೆರೆಗಳ ಹೆಸರೇಕೆ ಬರಬೇಕೆಂದು ಪರದೇಶದವನು ಆಶ್ಚರ್ಯಪಡಬಹುದು. ಮಹಾಡಿನ ಕಥೆಯನ್ನು ತಿಳಿದವನಿಗೆ ಆಶ್ಚರ್ಯವಿಲ್ಲ. ಕರಡು ಸಮಿತಿಯ ಅಧ್ಯಕ್ಷರು ಆ ಕೆರೆಯ ನೀರನ್ನು ಕುಡಿದು ಬಂದವರು.

ನಾನು ಕಾನೂನನ್ನು ಓದುವಾಗ ಈ ವಿಧಿಗಳನ್ನು ಬಾಯಿಪಾಠ ಮಾಡಿದ್ದೇನೆ. ನಮ್ಮ ಜಗುಲಿಯ ಮೇಲೆ ನಡೆಯುತ್ತಿದ್ದುದಕ್ಕೂ ಇದಕ್ಕೂ ಸಂಬಂಧವುಂಟೆಂದು ಆಗ ನನಗೆ ಹೊಳೆಯಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕಾಗಿದೆ.

ಇದೆಲ್ಲ ಹಿಂದಿನ ಕಾಲದ ಮಾತಾಯಿತೆಂದು ಕೆಲವರು ಹೇಳಬಹುದು. ಅಂಥವರಿಗೆ ಒಂದೇ ಒಂದು ತಾರೀಖನ್ನು ನೆನಪು ಮಾಡುತ್ತೇನೆ. 2000ನೆಯ ಇಸವಿ ಮಾರ್ಚ್ 11ರಂದು, ಆಗ ಕೋಲಾರ ಜಿಲ್ಲೆಗೆ ಸೇರಿದ್ದು 2007ರಿಂದ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿರುವ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸಜೀವವಾಗಿ ಸುಡಲಾಯಿತು. ಸಾಕ್ಷಿಗಳು ಪ್ರತಿಕೂಲರಾದರು, 2006ರಲ್ಲಿ ಆರೋಪಿಗಳ ಬಿಡುಗಡೆಯಾಯಿತು, 2014ರಲ್ಲಿ ಉಚ್ಚನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ನಾವು ನೋಡಿದ ಚಿತ್ರವು ಬಿಡುಗಡೆಯಾದುದು ಅದೇ 2000ನೆಯ ಇಸವಿಯಲ್ಲಿ. ತೆರೆಯ ಮೇಲೆ ಮಹಾಡಿನ ಏಟುಗಳನ್ನು ಕಂಡು ಕಣ್ಣೊರಸಿಕೊಂಡ ನಾವು, ಒಂದು ಗಂಟೆಯ ದಾರಿಯಲ್ಲಿರುವ ಊರಿನ ಹೆಸರನ್ನು ಆ ರಾತ್ರಿ ಒಮ್ಮೆಯಾದರೂ ಎತ್ತಲಿಲ್ಲ. ದೂರದ ದುಃಖಕ್ಕೆ ಮರುಗುವುದು ಸುಲಭ. ಅದಕ್ಕೆ ನಾವು ಸಾಕ್ಷಿ ಹೇಳಬೇಕಾದುದಿಲ್ಲ.

ಮಹಾಪುರುಷರ ಜೀವನಚಿತ್ರಗಳಿಂದ ಪ್ರಯೋಜನವೇನೆಂಬ ಪ್ರಶ್ನೆಗೆ ಇದರಿಂದ ನನಗೊಂದು ಉತ್ತರ ದೊರೆತಿದೆ. ಅವು ನಾಯಕನನ್ನು ಎತ್ತರದಲ್ಲಿಟ್ಟು ತೋರಿಸುತ್ತವೆ. ನಾವು ಅವನ ಪಕ್ಷದಲ್ಲಿಯೇ ಇದ್ದೆವೆಂಬ ಭ್ರಾಂತಿಯನ್ನು ಹುಟ್ಟಿಸುತ್ತವೆ. ನೋಡುವವನು ತನ್ನನ್ನು ನೀರು ಕುಡಿದವರ ಸಾಲಿನಲ್ಲಿ ಕಲ್ಪಿಸಿಕೊಳ್ಳುತ್ತಾನೆಯೇ ಹೊರತು ನೂರೆಂಟು ಕೊಡಗಳನ್ನು ಹೊತ್ತವರ ಸಾಲಿನಲ್ಲಿ ಕಲ್ಪಿಸಿಕೊಳ್ಳುವುದಿಲ್ಲ. ಆ ಕೊಡಗಳನ್ನು ಹೊತ್ತವರೂ ಊರಿನ ಮರ್ಯಾದಸ್ಥ ಗೃಹಸ್ಥರೇ ಆಗಿದ್ದರಲ್ಲವೇ? ಅವರ ಮೊಮ್ಮಕ್ಕಳು ಏನು ಹೇಳುವರೋ ನಾನರಿಯೆ. ನನ್ನ ಮಟ್ಟಿಗೆ, ಯಾರ ಸಾಲಿನಲ್ಲಿ ನಮ್ಮ ಮನೆಯಿತ್ತೆಂಬುದನ್ನು ಬರೆದಿಡುವುದು ಚಿತ್ರವನ್ನು ಹೊಗಳುವುದಕ್ಕಿಂತ ಮೊದಲ ಕರ್ತವ್ಯವೆಂದು ತೋರಿತು.

ಆದುದರಿಂದ ಈ ಪತ್ರಿಕೆಯ ಸದಸ್ಯರಲ್ಲಿ ನನ್ನದೊಂದು ವಿಜ್ಞಾಪನೆ. ನಾವು ಶಾಸನಗಳನ್ನೂ ವೀರಗಲ್ಲುಗಳನ್ನೂ ಸಂಗ್ರಹಿಸುತ್ತೇವೆ. ಕೆರೆಗಳನ್ನು ಕಟ್ಟಿಸಿದ ಪುಣ್ಯವಂತರ ಹೆಸರುಗಳನ್ನು ಹುಡುಕುತ್ತೇವೆ. ಅದರಂತೆಯೇ ಪ್ರತಿಯೊಂದು ಊರಿನ ಬಾವಿಯ ಚರಿತ್ರೆಯನ್ನೂ ಸಂಗ್ರಹಿಸೋಣ. ಬಾವಿ ಯಾವುದು, ಯಾರು ಸೇದಬಹುದಾಗಿತ್ತು, ಯಾರು ಕಾಯ್ದು ನಿಲ್ಲಬೇಕಾಗಿತ್ತು, ಎಂದು ತೆರೆಯಿತು, ಯಾರಿಂದ ತೆರೆಯಿತು, ಇಷ್ಟನ್ನು ಬಲ್ಲ ಹಿರಿಯರು ಎರಡು ಕಡೆಯ ಕೇರಿಗಳಲ್ಲಿಯೂ ಇನ್ನೂ ಇದ್ದಾರೆ. ಇನ್ನು ಹತ್ತು ವರ್ಷಗಳ ಮೇಲೆ ಇರಲಾರರು. ನೀರುಗಂಟಿಗಳ ಹೆಸರುಗಳು ಯಾವ ಶಿಲಾಶಾಸನದಲ್ಲಿಯೂ ಸಿಗಲಾರವು. ಅವರ ಮೊಮ್ಮಕ್ಕಳ ಬಾಯಲ್ಲಿ ಸಿಗುತ್ತವೆ.

ಮೊದಲ ಬರಹವಾಗಿ ನಮ್ಮ ಮನೆಯದನ್ನೇ ಕೊಡುತ್ತೇನೆ. ನಮ್ಮ ಹಿತ್ತಿಲ ಬಾವಿ ಸಿಹಿನೀರಿನದು. ನೀರುಗಂಟಿಯ ಕೇರಿಯವರು ಅದನ್ನು ಎಂದೂ ಸೇದಲಿಲ್ಲ. ಅದು ತೆರೆದದ್ದು ನಮ್ಮ ಮನಃಪರಿವರ್ತನೆಯಿಂದಲ್ಲ. ತೆರೆಯಲೇ ಇಲ್ಲ, ಬತ್ತಿಹೋಯಿತು. ಅಂತರ್ಜಲ ಕೆಳಗಿಳಿದು ಊರಿನ ಬಾವಿಗಳೆಲ್ಲ ಒಣಗಿದ ಮೇಲೆ ಪಂಚಾಯಿತಿಯವರು ಕೊಳವೆಬಾವಿಯೊಂದನ್ನು ಕೊರೆಸಿದರು. ಆಗ ಎಲ್ಲರೂ ಅಲ್ಲಿಗೇ ಹೋಗಬೇಕಾಯಿತು. ಮೊದಲ ಕೆಲವು ವರ್ಷ ಅಲ್ಲಿಯೂ ಎರಡು ಸಾಲುಗಳಿದ್ದವು. ಈಗ ನಮ್ಮ ಜಿಲ್ಲೆಯ ಕೆರೆಗಳಿಗೆ ಬೆಂಗಳೂರಿನಿಂದ ಶುದ್ಧೀಕರಿಸಿದ ಬಳಕೆನೀರು ಕೊಳವೆಗಳಲ್ಲಿ ಬರುತ್ತಿದೆ. ಆ ನೀರು ಯಾವ ಯಾವ ಮನೆಗಳಿಂದ, ಯಾರ ಯಾರ ಕೈಕಾಲು ತೊಳೆದು ಬಂದದ್ದೆಂದು ಕೇಳಿ ನೂರೆಂಟು ಕೊಡ ಹಿಡಿದು ಹೊರಟವರನ್ನು ನಾನು ಕಂಡಿಲ್ಲ.

ಅಜ್ಜಿಯ ಆ ತಂಬಿಗೆ ನಮ್ಮ ಅಟ್ಟದ ಮೇಲೆ ಇನ್ನೂ ಇದೆ. ಮರುದಿನ ಅದನ್ನು ಇಳಿಸಿ ಉಪಾಧ್ಯಾಯರಿಗೆ ತೋರಿಸಿದೆ. ಅವರು ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ಇದನ್ನು ತೊಳೆದು ಇಡಬೇಡಿ, ಹೀಗೇ ಇರಲಿ. ಶಾಲೆಗೆ ಕೊಡಿ, ಮಕ್ಕಳು ನೋಡಲಿ” ಎಂದರು. ಕೊಟ್ಟಿದ್ದೇನೆ.